ತಪ್ಪು ಖಾತೆಗೆ ಪೋಸ್ಟ್ ಆದ ವಾಕ್ಯ

ಭಾಗ 1/8
📍ಮಧುಗಿರಿ

ರಿಸಲ್ಟ್ ಬರೋ ದಿನ ಬೆಳಿಗ್ಗೆ ನಮ್ಮ ಯೂತ್ ಗ್ರೂಪಿನವರ ಸ್ಟೇಟಸ್ ಒಂದ್ಸಲ ನೋಡಿ. ಹಿಂದೆ ಸೂರ್ಯ ಹುಟ್ಟೋ ಫೋಟೋ, ಮೇಲೆ ಬಂಗಾರದ ಬಣ್ಣದ ಅಕ್ಷರ, ಕೆಳಗೆ ಯೆರೆಮೀಯ 29:11. ದೇವರ ಹತ್ರ ನನಗಾಗಿ ಒಳ್ಳೇ ಯೋಚನೆ ಇದೆ, ಮುಂದೆ ನಿರೀಕ್ಷೆ ಇದೆ ಅನ್ನೋ ಅರ್ಥದ ವಾಕ್ಯ. ನಾನೂ ಹಾಕಿದ್ದೆ. ಕಾಸ್ಟ್ ಅಕೌಂಟಿಂಗ್ ಹೋಯ್ತು.

ಆಮೇಲೆ ಆ ಅಧ್ಯಾಯವನ್ನು ಮೊದಲನೇ ವಾಕ್ಯದಿಂದ ಓದಿದೆ. ಅದು ಒಂದು ಪತ್ರ. ಯೆರೂಸಲೇಮಿನಿಂದ ಯೆರೆಮೀಯ ಬರೆದದ್ದು. ಯಾರಿಗೆ? ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ ಬಾಬೆಲಿಗೆ ಸೆರೆ ಹಿಡಿದುಕೊಂಡು ಹೋಗಿದ್ದ ಜನಕ್ಕೆ. ಅವರೆಲ್ಲ ‘ಇನ್ನೇನು ವಾಪಸ್ ಹೋಗ್ತೀವಿ’ ಅಂತ ಕಾಯ್ತಾ ಇದ್ರು. ಪತ್ರ ಏನು ಹೇಳುತ್ತೆ? ಮನೆ ಕಟ್ಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ಈಗ ಇರೋ ಊರಿನ ಒಳ್ಳೇದಕ್ಕೆ ಪ್ರಾರ್ಥನೆ ಮಾಡಿ. 10ನೇ ವಾಕ್ಯದಲ್ಲಿ ಕಾಲ ಎಷ್ಟು ಅಂತಾನೂ ಇದೆ: 70 ವರ್ಷ. ಅದಾದ ಮೇಲೆ ನಮ್ಮ ಸ್ಟೇಟಸ್ ವಾಕ್ಯ. ಅಂದ್ರೆ ಆ ಪತ್ರ ಕೇಳಿಸಿಕೊಂಡ 20 ವರ್ಷದ ಹುಡುಗಿಗೆ ಊರು ಮತ್ತೆ ನೋಡೋ ಯೋಗ ಬಹುಶಃ ಇರಲಿಲ್ಲ. ಆ ಮಾತು ಇಡೀ ಜನಕ್ಕೆ. ಒಬ್ಬೊಬ್ಬರ ಸೆಮಿಸ್ಟರಿಗೆ ಅಲ್ಲ.

ಬಿಕಾಂನವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಜರ್ನಲ್ ಎಂಟ್ರಿ ಸರಿಯಾಗಿದೆ, ಮೊತ್ತ ಸರಿಯಾಗಿದೆ. ಲೆಡ್ಜರಿಗೆ ಹಾಕುವಾಗ ರಾಮನ ಖಾತೆಗೆ ಹೋಗಬೇಕಾದ್ದು ರಹೀಮನ ಖಾತೆಗೆ ಹೋಗಿದೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗುತ್ತೆ. ಯಾರಿಗೂ ಗೊತ್ತಾಗಲ್ಲ. ಆದರೆ ಲೆಕ್ಕ ತಪ್ಪು.

ಈ ಎಂಟು ಪೋಸ್ಟಿನಲ್ಲಿ ನಾನು ಹೇಳೋದು ಇಷ್ಟೇ. ಬೈಬಲ್ ನಂಬಬಹುದಾದ ಪುಸ್ತಕ. ಅದನ್ನು ನಾವು ಪೋಸ್ಟ್ ಮಾಡೋ ರೀತಿ ನಂಬಬಾರದ್ದು. ಬೈಬಲ್ ಮೇಲೆ ಪ್ರೀತಿ ಇರೋರೇ ಈ ತಪ್ಪು ಜಾಸ್ತಿ ಮಾಡ್ತಾ ಇರೋದು.

ಭಾಗ 2/8
📍ಪಾವಗಡ

‘ಸ್ಟೇಟಸ್ ತಾನೇ, ಬಿಡು ಗುರು’ ಅಂತೀರ. ಬಿಡಬಹುದಿತ್ತು.

ನಮ್ಮ ದೊಡ್ಡಮ್ಮ ಇರೋದು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಎಂಟು ವರ್ಷದಿಂದ ಶುಗರ್. ಕಳೆದ ವರ್ಷ ನಾನು ಫೋನಿನಲ್ಲಿ ಒಂದು ವಾಕ್ಯದ ಕಾರ್ಡ್ ಮಾಡಿದೆ. 1 ಪೇತ್ರ 2:24ರ ಕೊನೇ ತುಂಡು ಮಾತ್ರ, ಕ್ರಿಸ್ತ ತಿಂದ ಪೆಟ್ಟಿನಿಂದ ನಾವು ವಾಸಿಯಾದ್ವಿ ಅನ್ನೋ ಭಾಗ. ಚೆನ್ನಾಗಿ ಕಾಣ್ತಿತ್ತು. ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಹದಿನಾಲ್ಕು ಹಾರ್ಟ್ ಬಂತು. ದೊಡ್ಡಮ್ಮ ಅದನ್ನ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ರು.

ಅದೇ ತಿಂಗಳು ಒಂದು ಕೂಟದಲ್ಲಿ, ಹೊರಗಿನಿಂದ ಬಂದ ಒಬ್ಬರು ಅದೇ ವಾಕ್ಯ ಹಿಡಿದು, ಮಾತ್ರೆ ನುಂಗೋದು ಅಂದ್ರೆ ಅಪನಂಬಿಕೆ ಅಂದರಂತೆ. ದೊಡ್ಡಮ್ಮನಿಗೆ ಎರಡು ಸಾಕ್ಷಿ ಸಿಕ್ಕ ಹಾಗಾಯ್ತು: ಒಂದು ಆ ಮೈಕು, ಇನ್ನೊಂದು ಓದಿರೋ ಮಗಳ ಕಾರ್ಡು. ಮಾತ್ರೆ ಬಿಟ್ರು. ಮನೇಲಿ ಯಾರಿಗೂ ಹೇಳಲಿಲ್ಲ.

ಎರಡೂವರೆ ತಿಂಗಳು. ಕಾಲಿಗೆ ಚುಚ್ಚಿದ ಜಾಲಿ ಮುಳ್ಳಿನ ಗಾಯ ಮಾಯಲೇ ಇಲ್ಲ. ಅದನ್ನೂ ಸೆರಗಿನ ಮರೇಲಿ ಮುಚ್ಚಿಟ್ಟುಕೊಂಡು ಪ್ರಾರ್ಥನೆ ಮಾಡ್ತಾ ಇದ್ರು. ತುಮಕೂರಿಗೆ ಕರ್ಕೊಂಡು ಬರೋ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಬಲಗಾಲಿನ ಎರಡು ಬೆರಳು ತೆಗೆದ್ರು.

ವಾರ್ಡಿನಲ್ಲಿ ನನ್ನ ಕೈ ಹಿಡ್ಕೊಂಡು ದೊಡ್ಡಮ್ಮ ಕೇಳಿದ್ದು ಒಂದೇ ಮಾತು. ‘ಅಮ್ಮಣ್ಣಿ, ನೀನೇ ಕಳ್ಸಿದ್ದಲ್ಲ ಆ ವಾಕ್ಯ? ಅದು ಸುಳ್ಳಾ, ಇಲ್ಲ ನನ್ನ ವಿಶ್ವಾಸ ಸಾಲಲಿಲ್ವಾ?’

ಎರಡೂ ಅಲ್ಲ ದೊಡ್ಡಮ್ಮ ಅಂತ ಹೇಳಬೇಕಿತ್ತು. ಆವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಆ ಮೈಕಿನವರನ್ನು ಬೈಯೋದು ಸುಲಭ. ಕಾರ್ಡ್ ಮಾಡಿದ್ದು ನಾನು.

ಭಾಗ 3/8

1 ಪೇತ್ರ 2:24 ಸುಳ್ಳಲ್ಲ. ನಾನು ಕತ್ತರಿಸಿದ್ದು ತಪ್ಪು.

18ನೇ ವಾಕ್ಯದಿಂದ ಓದಿ. ಪೇತ್ರ ಮಾತಾಡ್ತಾ ಇರೋದು ಮನೆಯಾಳುಗಳ ಜೊತೆ. ತಪ್ಪಿಲ್ಲದೆ ಯಜಮಾನರ ಹೊಡೆತ ತಿನ್ನೋ ಗುಲಾಮರು ಅವರು. ಕ್ರಿಸ್ತನೂ ತಪ್ಪಿಲ್ಲದೆ ಹೊಡೆತ ತಿಂದ, ತಿರುಗಿ ಬೈಯಲಿಲ್ಲ ಅಂತ ಅವರಿಗೆ ಹೇಳ್ತಾನೆ. 24ರಲ್ಲೇ, ನಾನು ಕತ್ತರಿಸಿ ಬಿಸಾಕಿದ ಮೊದಲ ಅರ್ಧದಲ್ಲಿ, ಮಾತು ಪಾಪದ್ದು. 25ರಲ್ಲಿ ದಾರಿ ತಪ್ಪಿದ ಕುರಿಗಳು ಕುರುಬನ ಹತ್ರ ತಿರುಗಿ ಬಂದದ್ದು. ಅಲ್ಲಿ ವಾಸಿಯಾಗೋದು ಅಂದ್ರೆ ಅದು. ಆ ಸಾಲುಗಳಲ್ಲಿ ಔಷಧಿಯ ವಿಚಾರವೇ ಇಲ್ಲ.

ಕೆಲವರು ಕೂಡಲೇ ಕೇಳ್ತಾರೆ: ‘ಮತ್ತಾಯ 8:17ರಲ್ಲಿ ಇದೇ ಯೆಶಾಯ 53ನ್ನು ಮೈಯ ಕಾಯಿಲೆಗೇ ಹಚ್ಚಿದ್ದಾರಲ್ಲ?’ ನ್ಯಾಯವಾದ ಪ್ರಶ್ನೆ. ಹಚ್ಚಿದ್ದಾರೆ. ಆ ಸಂಜೆ ಯೇಸು ರೋಗಿಗಳನ್ನು ವಾಸಿ ಮಾಡಿದ್ದನ್ನು ಮತ್ತಾಯ ಹೇಳ್ತಾ ಇದ್ದಾನೆ. ದೇವರು ವಾಸಿ ಮಾಡಲ್ಲ ಅಂತ ನಾನೂ ಹೇಳ್ತಿಲ್ಲ, ದಿನಾ ಕೇಳಿಕೊಳ್ತೀನಿ. ಆದರೆ ‘ಆವತ್ತು ಹೀಗೆ ಮಾಡಿದ’ ಅನ್ನೋ ವಾಕ್ಯದಿಂದ ‘ನೀನು ಮಾತ್ರೆ ಬಿಸಾಕು’ ಅನ್ನೋ ಆಜ್ಞೆ ಹೇಗೆ ಹುಟ್ಟಿತು? ಅದು ಯಾವ ಪುಟದಲ್ಲಿದೆ, ತೋರಿಸಿ.

ನಾನು ತೋರಿಸ್ತೀನಿ ನೋಡಿ. ಯೆಶಾಯ 38ರಲ್ಲಿ ಹಿಜ್ಕೀಯನ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದ್ದು ಅದೇ ಪ್ರವಾದಿ. ದೇವರು ವಾಸಿ ಮಾಡ್ತೀನಿ ಅಂತ ಮಾತು ಕೊಟ್ಟ ಮೇಲೂ ಪಟ್ಟು ಹಾಕಿದ್ರು. ಲೂಕ 10ರ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. 1 ತಿಮೊಥೆ 5:23ರಲ್ಲಿ ಪೌಲ ಶಿಷ್ಯನ ಹೊಟ್ಟೆ ತೊಂದರೆಗೆ ಏನು ತಗೋಬೇಕು ಅಂತ ಹೇಳ್ತಾನೆ. 2 ತಿಮೊಥೆ 4:20ರಲ್ಲಿ ತ್ರೊಫಿಮನನ್ನು ಕಾಯಿಲೆ ಇರೋವಾಗಲೇ ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೀತಾನೆ. ಪೌಲನ ವಿಶ್ವಾಸ ಸಾಲಲಿಲ್ಲ ಅಂತ ಅವನ ಮುಂದೆ ಹೇಳೋ ಧೈರ್ಯ ಯಾರಿಗಿದೆ? ಕೊಲೊಸ್ಸೆ 4:14ರ ಪ್ರಕಾರ ಪೌಲನ ಪ್ರಿಯ ಗೆಳೆಯ ಲೂಕನ ಕಸುಬೇ ವೈದ್ಯ.

ಒಂದು ತುಂಡು ವಾಕ್ಯ ಇಡೀ ಬೈಬಲಿನ ವಿರುದ್ಧ ನಿಂತರೆ, ಮೊದಲು ಅನುಮಾನ ಪಡಬೇಕಾದ್ದು ಅದನ್ನು ಕತ್ತರಿಸಿದ ಕತ್ತರಿಯ ಮೇಲೆ.

ಭಾಗ 4/8
📍ಸಿರಾ

ಈ ವಿಷಯ ಸಿರಾದ ನನ್ನ ಗೆಳತಿಗೆ ಹೇಳಿದೆ. ಅವಳು ಮುಸ್ಲಿಂ, ನಮ್ಮ ಕ್ಲಾಸೇ. ಅವಳು ನೇರವಾಗಿ ಕೇಳಿದ್ಲು: ‘ನೀನು ಪೂರ್ತಿ ಓದು ಅಂತೀಯ ಸರಿ. ಆ ಪೂರ್ತಿಯೇ ಮೊದಲು ಬರೆದ ಹಾಗೆ ಉಳಿದಿದೆ ಅಂತ ಏನು ಗ್ಯಾರಂಟಿ? ಕೈಯಲ್ಲಿ ಬರೀತಾ ಬರೀತಾ ಬದಲಾಗಿರಬಹುದಲ್ಲ?’

ಇದಕ್ಕೆ ಸಿಟ್ಟು ಮಾಡ್ಕೋಬಾರದು ಕಣ್ರೋ. ಉತ್ತರ ಕೊಡಬೇಕು.

ಮೂಲ ಪ್ರತಿಗಳು ಇಲ್ಲ, ನಿಜ. ಪೌಲ ಬರೆಸಿದ ಹಾಳೆ ಯಾವ ಮ್ಯೂಸಿಯಮ್ಮಿನಲ್ಲೂ ಇಲ್ಲ. ಇರೋದು ನಕಲಿನ ನಕಲು. ಹೊಸ ಒಡಂಬಡಿಕೆಯ ಗ್ರೀಕ್ ಕೈಬರಹಗಳೇ 5,000ಕ್ಕೂ ಹೆಚ್ಚು, ಕೆಲವು ಬರೀ ಚೂರು, ಕೆಲವು ಪೂರ್ತಿ. ಅವುಗಳ ಮಧ್ಯೆ ವ್ಯತ್ಯಾಸಗಳೂ ಇವೆ, ಸಾವಿರಗಟ್ಟಲೆ.

ಎಂಥ ವ್ಯತ್ಯಾಸ? ನಿಮ್ಮ ಊರಿನ ಬಸ್ ಬೋರ್ಡ್ ನೋಡಿ. ಒಂದರಲ್ಲಿ ‘ಸಿರಾ’, ಇನ್ನೊಂದರಲ್ಲಿ ‘ಶಿರಾ’. ಹಳೇ ದಾಖಲೆಗಳಲ್ಲಿ ನಮ್ಮ ಮಧುಗಿರಿ ‘ಮದ್ದಗಿರಿ’. ಇಂಗ್ಲಿಷಿನ ‘Tumkur’ 2014ರಿಂದ ಸರ್ಕಾರಿ ಬೋರ್ಡಿನಲ್ಲಿ ‘Tumakuru’. ಇದಕ್ಕೆ ಯಾರಾದ್ರೂ ಬಸ್ ತಪ್ಪಿಸಿಕೊಂಡಿದ್ದೀರಾ? ಬಹುಪಾಲು ಪಾಠಭೇದ ಈ ಜಾತಿಯವು: ಕಾಗುಣಿತ, ಪದದ ಜಾಗ ಅದಲು ಬದಲು.

ಇನ್ನು ಸಾಲು ಬಿಟ್ಟು ಹೋಗೋದು. ಪರೀಕ್ಷೆ ಹಿಂದಿನ ವಾರ ಒಬ್ಬಳ ನೋಟ್ಸನ್ನು ಹತ್ತು ಜನ ಕೈಯಲ್ಲಿ ಬರ್ಕೊಳ್ತಾರೆ ಅಂತ ಇಟ್ಕೊಳ್ಳಿ. ಎರಡು ಸಾಲು ಒಂದೇ ಪದದಲ್ಲಿ ಮುಗಿದಿದ್ರೆ ಒಬ್ಬನ ಕಣ್ಣು ಹಾರಿ ಒಂದು ಸಾಲು ಬಿಡುತ್ತೆ. ಮೂಲ ನೋಟ್ಸ್ ಕಳೆದೇ ಹೋದ್ರೂ ಉಳಿದ ಒಂಬತ್ತು ಪ್ರತಿ ಪಕ್ಕ ಪಕ್ಕ ಇಟ್ರೆ ತಪ್ಪು ಯಾರದ್ದು ಅಂತ ಗೊತ್ತಾಗುತ್ತೆ. ಪ್ರತಿ ಜಾಸ್ತಿ ಇದ್ದಷ್ಟೂ ವ್ಯತ್ಯಾಸ ಜಾಸ್ತಿ ಕಾಣುತ್ತೆ, ತಿದ್ದೋದೂ ಅಷ್ಟೇ ಸುಲಭ. ಒಂದೇ ಪ್ರತಿ ಇದ್ದಿದ್ರೆ ವ್ಯತ್ಯಾಸ ಸೊನ್ನೆ, ಪರೀಕ್ಷೆ ಮಾಡೋ ದಾರಿಯೂ ಸೊನ್ನೆ.

ಭಾಗ 5/8

ಗೆಳತಿ ಬಿಡಲಿಲ್ಲ. ‘ದೊಡ್ಡ ವ್ಯತ್ಯಾಸವೇ ಇಲ್ವಾ?’ ಇವೆ. ಮುಚ್ಚಿಡಬಾರದು.

ಮಾರ್ಕ 16:9ರಿಂದ 20. ನಾಲ್ಕನೇ ಶತಮಾನದ ಎರಡು ಮುಖ್ಯ ಪ್ರತಿಗಳು, ಸಿನಾಯಿಟಿಕಸ್ ಮತ್ತು ವ್ಯಾಟಿಕಾನಸ್, ಎರಡರಲ್ಲೂ ಈ ಭಾಗ ಇಲ್ಲ. ಯೋಹಾನ 7:53ರಿಂದ 8:11, ವ್ಯಭಿಚಾರದಲ್ಲಿ ಹಿಡಿದು ತಂದ ಹೆಂಗಸಿನ ಕಥೆ, ಅದೂ ಹಳೇ ಪ್ರತಿಗಳಲ್ಲಿ ಇಲ್ಲ. ಇಂಗ್ಲಿಷಿನ ಎನ್‌ಐವಿಯಲ್ಲಿ ಮತ್ತಾಯ 17ರ 20 ಆದ ಮೇಲೆ ನೇರ 22, ಮಧ್ಯದ್ದು ಅಡಿಟಿಪ್ಪಣಿಯಲ್ಲಿ. ‘ಬೈಬಲಿನಿಂದ ವಾಕ್ಯ ಕದ್ದಿದ್ದಾರೆ’ ಅಂತ ಫಾರ್ವರ್ಡ್ ಬರುತ್ತಲ್ಲ, ಅದು ಇದೇ. ಕದಿಯೋರು ಯಾರಾದ್ರೂ ‘ಇಲ್ಲಿ ಇದನ್ನು ತೆಗೆದಿದ್ದೇವೆ, ಕಾರಣ ಇದು’ ಅಂತ ಪುಟದ ಕೆಳಗೆ ಬರೆದು ಹೋಗ್ತಾರಾ? ಆಡಿಟರ್ ನೋಟ್ ಹಾಕಿದ್ರೆ ಅದು ಕಂಪನಿಯ ಪ್ರಾಮಾಣಿಕತೆ. ನೋಟ್ ಓದದೇ ಇರೋದು ನಮ್ಮ ಸೋಮಾರಿತನ.

ಹಳೇ ಒಡಂಬಡಿಕೆಗೂ ಒಂದು ಪರೀಕ್ಷೆ ಆಗಿದೆ. ಪೂರ್ತಿ ಹೀಬ್ರೂ ಬೈಬಲಿನ ಅತಿ ಹಳೇ ಪ್ರತಿ 1008ನೇ ಇಸವಿಯದ್ದು. 1947ರ ಸುಮಾರಿಗೆ ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗುಹೆಯಲ್ಲಿ ಯೆಶಾಯನ ಸುರುಳಿ ಸಿಕ್ತು, 66 ಅಧ್ಯಾಯವೂ ಇರೋದು. ಅದು 1008ರ ಪ್ರತಿಗಿಂತ ಸಾವಿರ ವರ್ಷಕ್ಕೂ ಹಿಂದಿನದು. ಪಕ್ಕದಲ್ಲಿಟ್ಟು ನೋಡಿದ್ರೆ ಸಣ್ಣ ಪುಟ್ಟ ವ್ಯತ್ಯಾಸ ಬೇಕಾದಷ್ಟಿವೆ, ಆದರೆ ಅದೇ ಯೆಶಾಯ. ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿ ಯೋಹಾನ 18ರ ಒಂದು ಪಪೈರಸ್ ಚೂರಿದೆ, ಅಂಗೈಗಿಂತ ಚಿಕ್ಕದು. ಸಾಮಾನ್ಯವಾಗಿ ಅದನ್ನು ಎರಡನೇ ಶತಮಾನದ್ದು ಅಂತಾರೆ.

ಈಗ ಪ್ರಾಮಾಣಿಕವಾಗಿ ಒಂದು ಮಾತು. ಇದರಿಂದ ಬೈಬಲ್ ದೇವರ ವಾಕ್ಯ ಅಂತ ಸಾಬೀತಾಗಲ್ಲ. ಅದು ವಿಶ್ವಾಸದ ಮಾತು, ಗೆಳತಿಗೂ ಹಾಗೇ ಹೇಳಿದೆ. ಸಾಬೀತಾಗೋದು ಇಷ್ಟು: ಬರೆದವರು ಬರೆದದ್ದು ಹೆಚ್ಚೂ ಕಡಿಮೆ ನಮ್ಮ ಕೈಗೆ ಬಂದಿದೆ. ಅಂದ್ರೆ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಿದೆ. ತಾಳೆ ಆದ ಮೇಲೂ ಉಳಿಯೋ ತಪ್ಪು ಯಾವುದು ಅಂತ ಮೊದಲನೇ ಸೆಮಿಸ್ಟರಿನಲ್ಲೇ ಓದಿದ್ದೀರಿ.

ಭಾಗ 6/8

ನಮ್ಮಲ್ಲಿ ಇನ್ನೊಂದು ಜಗಳ ಇದೆ. ‘ನಮ್ಮ ಬೈಬಲ್ಲೇ ಸರಿ, ನಿಮ್ಮದು ತಪ್ಪು ಬೈಬಲ್.’ ಯೂತ್ ಕೂಟದಲ್ಲಿ ಕಪ್ಪು ರಟ್ಟಿನ ಹಳೇ ‘ಸತ್ಯವೇದವು’ ಹಿಡಿದವರು ಒಂದು ಕಡೆ, ಸರಳ ಕನ್ನಡದ್ದು ಹಿಡಿದವರು ಇನ್ನೊಂದು ಕಡೆ. ಹಳೇದರಲ್ಲಿ ‘ಯೆಹೋವ’, ಸರಳದ್ದರಲ್ಲಿ ‘ಸರ್ವೇಶ್ವರ’. ಪಾವಗಡದ ಕಡೆಯವರ ಕೈಲಿ ತೆಲುಗು ಬೈಬಲ್. ಕಥೋಲಿಕ ಗೆಳೆಯನ ಬೈಬಲಿನಲ್ಲಿ 73 ಪುಸ್ತಕ, ನಮ್ಮದರಲ್ಲಿ 66.

ಯೆಹೋವ, ಸರ್ವೇಶ್ವರ, ಎರಡರ ಹಿಂದೆ ಇರೋದು ಹೀಬ್ರೂವಿನ ಅದೇ ನಾಲ್ಕು ವ್ಯಂಜನ. ಒಬ್ಬರು ಹೆಸರಿನ ಉಚ್ಚಾರಣೆ ಹಿಡಿಯೋಕೆ ನೋಡಿದ್ರು, ಇನ್ನೊಬ್ಬರು ಗೌರವದ ಅರ್ಥ ಕೊಟ್ರು. ಇದು ಮೋಸ ಅಲ್ಲ, ಅನುವಾದ.

ಮತ್ತೆ ಆ ಹಳೇ ಸತ್ಯವೇದವೂ ಒಂದೇ ಸಲಕ್ಕೆ ಆಕಾಶದಿಂದ ಬಿದ್ದದ್ದಲ್ಲ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು, ಕನ್ನಡ ಕಲಿತು ಅನುವಾದಕ್ಕೆ ಕೂತರು. ಪೂರ್ತಿ ಬೈಬಲ್ ಕನ್ನಡದಲ್ಲಿ ಮುಗಿದದ್ದು 1830ರ ದಶಕದ ಶುರುವಿನಲ್ಲಿ. ಅದೂ ಸಾಲದು ಅಂತ ಬಾಸೆಲ್ ಮಿಶನ್ನಿನ ವೈಗ್ಲೆ ಮುಂತಾದವರು ತಿದ್ದಿದ್ರು. ಬೆಂಗಳೂರಿನಲ್ಲಿದ್ದ ಬೆಂಜಮಿನ್ ರೈಸ್ ಕೂಡ ಪರಿಷ್ಕರಣೆಗೆ ದುಡಿದ್ರು. ಆ ರೈಸ್ ಅವರ ಮಗನೇ ನಮಗೆ ಇತಿಹಾಸದಲ್ಲಿ ಬರೋ ಬಿ.ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟದಲ್ಲಿ, 1904ರಲ್ಲಿ, ನಮ್ಮ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದವರು.

ಮಗ ಏನು ಮಾಡಿದ್ರು ನೋಡಿ. ಅಕ್ಷರ ಸವೆದ ಕಲ್ಲಿನಲ್ಲಿ ಒಂದು ಸಾಲು ಓದಿ ಊಹೆ ಮಾಡಲಿಲ್ಲ. ಯಾವ ರಾಜ, ಯಾವ ವರ್ಷ, ಯಾರಿಗೆ ದಾನ, ಕಲ್ಲು ನಿಂತಿರೋದು ಎಲ್ಲಿ ಅಂತ ಬರ್ಕೊಂಡ್ರು. ಮಧುಗಿರಿಯ ಒಂದು ಕಲ್ಲಿನಲ್ಲಿ ‘ಈ ಭೂಮಿ ನಿನಗೆ’ ಅಂತ ಇದ್ರೆ ಅದನ್ನು ಓದಿದವರೆಲ್ಲ ತಹಶೀಲ್ದಾರ್ ಆಫೀಸಿಗೆ ಹೋಗಿ ಪಹಣಿ ಕೇಳ್ತಾರಾ? ಕಲ್ಲಿಗೆ ಕೊಡೋ ಈ ಮರ್ಯಾದೆಯನ್ನ ದೇವರ ವಾಕ್ಯಕ್ಕೆ ಯಾಕೆ ಕೊಡಲ್ಲ ನಾವು?

ಎರಡು ಅನುವಾದ ಇದ್ರೆ ಜಗಳ ಬೇಡ, ಪಕ್ಕ ಪಕ್ಕ ಇಟ್ಟು ಓದಿ. ಪಾವಗಡದ ಎರಡು ಭಾಷೆಯ ಮನೆಗಳಿಗೆ ಈ ಭಾಗ್ಯ ಪುಕ್ಕಟೆ ಸಿಕ್ಕಿದೆ.

ಭಾಗ 7/8
📍ಕೊರಟಗೆರೆ ದಾರಿ

ಬರೀ ನಮ್ಮವರಿಗೆ ಬೈದೆ ಅಂತ ಖುಷಿ ಪಡೋರಿಗೂ ಒಂದು ಮಾತು.

ತುಮಕೂರಿನಿಂದ ವಾಪಸ್ ಬರೋವಾಗ, ಕೊರಟಗೆರೆ ದಾಟಿದ ಮೇಲೆ, ಬಸ್ಸಿನಲ್ಲಿ ಕ್ಲಾಸ್‌ಮೇಟ್ ಒಬ್ಬ ರೀಲ್ ತೋರಿಸಿದ. ‘ನಿಮ್ಮ ಬೈಬಲ್ ತಂದೆ ತಾಯಿನ ದ್ವೇಷ ಮಾಡು ಅನ್ನುತ್ತೆ, ನೋಡು.’ ಲೂಕ 14:26. ಹೌದು ಮಗಾ, ಆ ಪದ ಇದೆ. ಅದೇ ಮಾತು ಮತ್ತಾಯ 10:37ರಲ್ಲಿ ಹೇಗಿದೆ ನೋಡು: ನನಗಿಂತ ಜಾಸ್ತಿ ಅವರನ್ನು ಪ್ರೀತಿಸಬೇಡ ಅಂತ. ಮಾರ್ಕ 7ರಲ್ಲಿ ಇದೇ ಯೇಸು, ದೇವರಿಗೆ ಹರಕೆ ಅಂತ ನೆಪ ಹೇಳಿ ಅಪ್ಪ ಅಮ್ಮನಿಗೆ ಕೊಡೋದನ್ನು ತಪ್ಪಿಸೋರನ್ನು ತರಾಟೆಗೆ ತಗೊಳ್ತಾನೆ. ಆ ಕಾಲದವರ ಬಿರುಸಾದ ಮಾತಿನ ರೀತಿ ಅದು. ನಿನ್ನ ರೀಲು, ನನ್ನ ಕಾರ್ಡು, ಎರಡೂ ಒಂದೇ ಕತ್ತರಿಯ ಕೆಲಸ.

ಬೈಬಲಿನಲ್ಲಿ ಎಲ್ಲ ಪುಟವೂ ಒಂದೇ ಬಗೆ ಅಲ್ಲ. ಕೀರ್ತನೆಗಳು ಹಾಡು. ಪ್ರಕಟನೆ ದರ್ಶನ. ರೋಮಾಪುರ ಪತ್ರ. ಜ್ಞಾನೋಕ್ತಿಗಳು ಗಾದೆಯ ಹಾಗೆ. ಜ್ಞಾನೋಕ್ತಿ 26ರ 4ನೇ ವಾಕ್ಯ ಮೂರ್ಖನಿಗೆ ಉತ್ತರ ಕೊಡಬೇಡ ಅನ್ನುತ್ತೆ, 5ನೇದು ಕೊಡು ಅನ್ನುತ್ತೆ. ‘ವಿರೋಧಾಭಾಸ ಸಿಕ್ತು!’ ಅಂತ ಕುಣಿಯೋ ಮುಂಚೆ ನಮ್ಮ ಅಜ್ಜಿಯರನ್ನು ಕೇಳಿ. ‘ಕೈ ಕೆಸರಾದರೆ ಬಾಯಿ ಮೊಸರು’ ಅಂದೋರೇ ಸಂಜೆಗೆ ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಅಂತಾರೆ. ಯಾವುದು ಯಾವಾಗ ಅನ್ನೋದು ತಿಳಿದವರಿಗೆ ಗೊತ್ತು.

ಮತ್ತಾಯ 4 ತೆಗೆದು ನೋಡಿ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ ಕೆಳಗೆ ಹಾರು ಅನ್ನೋ ಸೈತಾನ ಬರಿಗೈಲಿ ಬರಲಿಲ್ಲ. 91ನೇ ಕೀರ್ತನೆಯ ವಾಕ್ಯ ಹಿಡ್ಕೊಂಡು ಬಂದ. ಅಕ್ಷರ ಸರಿ ಇತ್ತು, ಬಳಕೆ ತಪ್ಪಿತ್ತು. ಯೇಸು ‘ಅದು ಬೈಬಲಿನಲ್ಲಿ ಇಲ್ಲ’ ಅನ್ನಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅನ್ನೋ ಇನ್ನೊಂದು ವಾಕ್ಯ ಎದುರಿಗಿಟ್ಟ. ವಾಕ್ಯಕ್ಕೆ ವಾಕ್ಯವೇ ಅರ್ಥ ಹೇಳಿತು.

ಮಾತ್ರೆ ಬಿಡು ಅನ್ನೋದು, ದೇವಾಲಯದ ತುದಿಯಿಂದ ಹಾರು ಅನ್ನೋದಕ್ಕಿಂತ ಎಷ್ಟು ದೂರ?

ಭಾಗ 8/8
📍ಮತ್ತೆ ಪಾವಗಡ

‘ಇಷ್ಟೆಲ್ಲ ತರ್ಕ ಮಾಡಿದ್ರೆ ವಿಶ್ವಾಸ ಹೋಗುತ್ತೆ’ ಅಂತ ನನಗೆ ಹೇಳಿದ್ರು. ಕೃತ್ಯಗಳು 17:11ರ ಬೆರೋಯದವರು ಪೌಲನಂಥ ಪೌಲ ಹೇಳಿದ್ದನ್ನೂ ದಿನಾ ಶಾಸ್ತ್ರ ತೆಗೆದು ತಾಳೆ ನೋಡ್ತಿದ್ರು. ಅವರಿಗೆ ಅಲ್ಲಿ ಬೈಗುಳ ಸಿಕ್ಕಿಲ್ಲ, ಹೊಗಳಿಕೆ ಸಿಕ್ಕಿದೆ. ಲೂಕ ತನ್ನ ಪುಸ್ತಕ ಶುರು ಮಾಡೋದೇ ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಬರೀತಿದ್ದೀನಿ ಅಂತ. ವಿಚಾರಿಸಿ ಬರೆದದ್ದನ್ನು ವಿಚಾರಿಸದೆ ಫಾರ್ವರ್ಡ್ ಮಾಡೋದು ಯಾವ ವಿಶ್ವಾಸ?

ಹಾಗಾಗಿ ಇನ್ಮೇಲೆ ಕಾರ್ಡ್ ಮಾಡೋ ಮುಂಚೆ ನಾನು ಐದು ಪ್ರಶ್ನೆ ಕೇಳ್ಕೊಳ್ತೀನಿ. ಬೇಕಾದ್ರೆ ಸೇವ್ ಮಾಡ್ಕೊಳ್ಳಿ.

1. ಇದನ್ನು ಯಾರು ಯಾರಿಗೆ ಹೇಳಿದ್ದು?
2. ಇದರ ಹಿಂದಿನ ಹತ್ತು, ಮುಂದಿನ ಹತ್ತು ವಾಕ್ಯ ಓದಿದ್ದೀನಾ?
3. ಇದು ಹಾಡಾ, ಪತ್ರವಾ, ಗಾದೆಯಾ, ನಡೆದ ಸಂಗತಿಯಾ, ಆಜ್ಞೆಯಾ?
4. ಬೈಬಲಿನ ಉಳಿದ ಭಾಗ ಇದೇ ವಿಷಯಕ್ಕೆ ಏನು ಹೇಳುತ್ತೆ? ಇನ್ನೊಂದು ಅನುವಾದದಲ್ಲಿ ಹೇಗಿದೆ?
5. ನಾನು ಹೇಳೋ ಅರ್ಥ ತಪ್ಪಾದ್ರೆ ನಷ್ಟ ಯಾರಿಗೆ?

ಐದನೇದನ್ನು ನಾನು ಕಲಿತದ್ದು ಆಸ್ಪತ್ರೆ ವಾರ್ಡಿನಲ್ಲಿ. ತಪ್ಪು ಪೋಸ್ಟಿಂಗ್ ನನ್ನದು, ಕಳ್ಕೊಂಡದ್ದು ದೊಡ್ಡಮ್ಮ.

ಹೋದ ತಿಂಗಳು ಹಳ್ಳಿಗೆ ಹೋಗಿದ್ದೆ. ದೊಡ್ಡಮ್ಮನ ಪಕ್ಕ ಕೂತು 1 ಪೇತ್ರ 2ನ್ನು 18ರಿಂದ 25ರವರೆಗೂ ಓದಿದೆ. ಅವರು ತೆಲುಗಿನಲ್ಲಿ, ನಾನು ಕನ್ನಡದಲ್ಲಿ. ಆವತ್ತು ಕೊಡದ ಉತ್ತರ ಆಗ ಕೊಟ್ಟೆ: ವಾಕ್ಯ ಸುಳ್ಳಲ್ಲ, ನಿಮ್ಮ ವಿಶ್ವಾಸವೂ ಕಮ್ಮಿ ಇರಲಿಲ್ಲ, ನಾನು ಅರ್ಧ ಕಳಿಸಿದ್ದೆ. ಕ್ಷಮೆ ಕೇಳಿದೆ. ಗೋಡೆ ಮೇಲಿನ ಆ ಕಾರ್ಡ್ ಕಿತ್ತು ಬಿಡ್ತೀನಿ ಅಂದೆ.

‘ಇರ್ಲಿ ಬಿಡು, ವಾಕ್ಯ ಏನು ತಪ್ಪು ಮಾಡ್ತು?’ ಅಂದ್ರು. ಅದರ ಕೆಳಗೇ ಮೊಳೆ ಹೊಡೆಸಿ ಮಾತ್ರೆ ಚೀಲ ನೇತು ಹಾಕಿದ್ದಾರೆ. ಬೆಳಿಗ್ಗೆ ಎದ್ದು ಅದನ್ನು ಓದ್ತಾರೆ, ಇದನ್ನು ನುಂಗ್ತಾರೆ.

ನಿಮ್ಮ ಮನೇಲೂ ಯಾರಾದ್ರೂ ಹೀಗೆ ಮಾತ್ರೆ ಬಿಟ್ಟಿದ್ರೆ ಇವತ್ತೇ ಕೇಳಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ವಾಕ್ಯದ ಪೇಜ್ ನಡೆಸೋರು ನಿಮ್ಮ ಕೊನೇ ಹತ್ತು ಪೋಸ್ಟ್ ತೆಗೆದು ಮೇಲಿನ ಐದು ಪ್ರಶ್ನೆ ಹಾಕಿ. ಎಷ್ಟು ಉಳಿದ್ವು ಅಂತ ಕಾಮೆಂಟಿನಲ್ಲಿ ಬರೀರಿ. ನನ್ನದರಲ್ಲಿ ನಾಲ್ಕು ಉಳಿದ್ವು. ಆರು ಡಿಲೀಟ್ ಮಾಡಿದೆ.

#ಪೂರ್ತಿಓದಿ #ಸತ್ಯವೇದ #ಮಧುಗಿರಿ #ಸಿರಾ #ಕೊರಟಗೆರೆ #ಪಾವಗಡ #ಬಿಕಾಂಹುಡುಗಿ